ಜಲದುರ್ಗದ ಕೆಳಗೆ ಕೃಷ್ಣೆ

1956ರ ವರೆಗೂ ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲ್ಲೂಕು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅದೂ ಕೊಡಂಗಲ್ಲೂ ಆಂಧ್ರಕ್ಕೆ ಸೇರಿದವು. ತಾಂಡೂರು ಬಳಿಯ ಪೆದ್ದೆಮುಲ್ ಕಡೆಯ ಕನ್ನಡ ಮನೆಗಳ ಬೀಗತನ ಮಾತ್ರ ಗಡಿಯಾಚೆಗೇ ಉಳಿಯಿತು. ಅಂಥ ಮನೆಯ ಹಿರಿಯರೊಬ್ಬರು ಹುಡುಗರಾಗಿದ್ದಾಗ ಸೋದರಮಾವನ ಜೊತೆ ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಕೋಟೆ ಹತ್ತಿ, ಮಳೆಗಾಲದ ಕೃಷ್ಣೆಯನ್ನು ಕಂಡವರು.

ದಖನ್ನಿನ ಎತ್ತರದಿಂದ ನದಿ ರಾಯಚೂರು ದೋಆಬಕ್ಕೆ ಇಳಿಯುವುದು ಈ ಸೀಮೆಯಲ್ಲಿ. ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ಲೆಕ್ಕದಂತೆ ಸುಮಾರು 3 ಮೈಲಿಯಲ್ಲಿ 408 ಅಡಿ ಇಳಿತ. ಜೋಗದಂತೆ ಒಂದೇ ನೆಗೆತವಲ್ಲ. ಒಡೆದ ಗ್ರಾನೈಟ್ ಬಂಡೆಗಳ ಮೇಲೆ ಬಿದ್ದು, ಎದ್ದು, ಮತ್ತೆ ಬೀಳುತ್ತ ಹೋಗುತ್ತದೆ. ಸದ್ದು ಮೊದಲು ಕೇಳಿಸಿತು, ನೀರು ಆಮೇಲೆ ಕಾಣಿಸಿತು ಎನ್ನುತ್ತಾರೆ ಅವರು.

ಈ ಸೀಮೆಯನ್ನು ಹುಡುಕಿ ಬಂದವರು ಕಡಿಮೆಯೇನಲ್ಲ. 1840ರ ದಶಕದಲ್ಲಿ ಸುರಪುರ ಸಂಸ್ಥಾನ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ರಾಜನಕೋಳೂರಿನ ಕಲ್ಮನೆಗಳನ್ನು ವಿದ್ವಾಂಸರ ಕಣ್ಣಿಗೆ ತಂದ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ ಬಳಿಯ ಇಸಾಂಪುರದಲ್ಲಿ ಆದಿಮಾನವರ ಕಲ್ಲಿನ ಕಾರ್ಖಾನೆಯನ್ನೇ ಅಗೆದು ತೋರಿಸಿದರು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷವೆಂದು ಅಂದಾಜು. ಅಲ್ಲಿ ಕೈಗೊಡಲಿಗೆ ಒದಗಿದ್ದು ಭೀಮಾ ಶಿಲಾಸಮೂಹದ ಸುಣ್ಣಕಲ್ಲು. ತಾಂಡೂರಿನವರು ಇಂದು ನೆಲಕ್ಕೆ ಹಾಸುವ ಪರ್ಸಿಯೂ ಅದೇ ಕುಲದ್ದು. ಹಿರಿಯರಿಗೆ ಇದು ದೊಡ್ಡ ಹೆಮ್ಮೆ.

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆ ಸುರಪುರ, ಶಹಾಪುರದ ಜೋಳದ ಹೊಲಗಳಿಗೆ ಭತ್ತ ತಂದಿತು. ಅದನ್ನು ಕಂಡು ಅವರು ಹಿಗ್ಗಿದರು. ಆದರೆ ಹೊಳೆಯ ಹೊತ್ತು ಬದಲಾಯಿತು. ಮೊದಲು ಊರವರನ್ನು ಕೇಳುತ್ತಿದ್ದುದು ಮಹಾಬಳೇಶ್ವರದ ಮಳೆಯ ಸುದ್ದಿ. ಈಗ ಮೊದಲ ಪ್ರಶ್ನೆ, "ಎಷ್ಟ್ ಗೇಟ್ ತೆಗದಾರ?"

ಲಕ್ಷಗಟ್ಟಲೆ ಕ್ಯೂಸೆಕ್ಸ್ ಬಿಟ್ಟ ದಿನ ಹೊಳೆದಂಡೆಯ ಛಾಯಾ ಭಗವತಿ ಗುಡಿ ಮುಳುಗುತ್ತದೆ. ಶೀಲಹಳ್ಳಿ ಸೇತುವೆ ಮೇಲೆ ನೀರು ಹರಿದು ಜಲದುರ್ಗದ ದಾರಿ ಕಡಿಯುತ್ತದೆ. ನಡುಗಡ್ಡೆಗಳ ಜನರಿಗೆ ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವುದೂ ಆಗ ದುಸ್ತರ. ನೋಡಲು ಬಂದವರು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಈ ಹಿರಿಯರು ಹೋದಾಗಲೆಲ್ಲ ನಡುಗಡ್ಡೆಯವರನ್ನು ಮಾತಾಡಿಸಿ, ಎತ್ತರದ ಸೇತುವೆಯ ಮಾತು ಎಲ್ಲಿಗೆ ಬಂತು ಎಂದು ಕೇಳಿಕೊಂಡೇ ಬಸ್ಸು ಹತ್ತುವುದು.