ಏರಿದ ದಾರಿಯಲ್ಲೇ ಇಳಿಯಲ್ಲ

ಲ್ಯಾಂಗ್ಮ್ಯೂರ್ 1918ರಲ್ಲಿ ಹೇಳಿದ್ದು ನಮಗೆ ಅರ್ಥ ಆಗಿದ್ದು ಕುವೆಂಪುನಗರದ ಸಿಟಿ ಬಸ್ಸಿನಲ್ಲಿ. ಮೊದಲು ಹತ್ತಿದವರಿಗೆಲ್ಲ ಸೀಟು. ಸೀಟು ತುಂಬಿದ ಮೇಲೆ ಎಷ್ಟೇ ಜನ ನುಗ್ಗಿದರೂ ಕೂತವರ ಲೆಕ್ಕ ಏರಲ್ಲ. ಘನದ ಮೇಲ್ಮೈಗೆ ಅನಿಲದ ಕಣಗಳು ಅಂಟೋದೂ ಹಾಗೇ. ಒತ್ತಡ ಹೆಚ್ಚಿಸಿದಂತೆ ಗೆರೆ ಮೊದಲು ಸರ‍್ರನೆ ಏರಿ, ಆಮೇಲೆ ಬಾಗಿ ಮಟ್ಟಸವಾಗುತ್ತೆ. ಪರೀಕ್ಷೆಗೆ ಇಷ್ಟು ಸಾಕು.

ಒತ್ತಡ ಇಳಿಸಿದರೆ? ಶೂ ಡಬ್ಬಿಯಲ್ಲಿ ಬರೋ ಸಿಲಿಕಾ ಜೆಲ್ ತಗೊಳ್ಳಿ. ಉಷ್ಣತೆ ಬದಲಿಸದಿದ್ದರೂ ಅದು ನೀರಾವಿಯನ್ನು ಹಿಡಿದ ದಾರಿಯಲ್ಲೇ ಬಿಡಲ್ಲ. ಇಳಿಯುವಾಗ, ಅದೇ ಒತ್ತಡದಲ್ಲಿ, ಒಳಗೆ ಹೆಚ್ಚು ನೀರು ಉಳಿದಿರುತ್ತೆ. ಹಿಸ್ಟರೆಸಿಸ್! (ನಾವು ಅದು ಕಬ್ಬಿಣದ ಕಾಂತತ್ವಕ್ಕೆ ಮಾತ್ರ ಅಂದ್ಕೊಂಡಿದ್ವಿ.) ಜೆಲ್ಲಿನ ರಂಧ್ರಗಳು ಹೂಜಿಯ ಹಾಗೆ, ಹೊಟ್ಟೆ ಅಗಲ, ಬಾಯಿ ಕಿರಿದು. ಬಾಯಲ್ಲಿನ ನೀರು ಆವಿಯಾಗುವಷ್ಟು ಒತ್ತಡ ಇಳಿಯೋವರೆಗೂ ಹೊಟ್ಟೆಯ ನೀರು ಸಿಕ್ಕಿಬಿದ್ದಿರುತ್ತೆ.

ಇದರ ಬೆನ್ನುಹತ್ತಿ 1941ರಲ್ಲಿ ಜರ್ನಲ್ ಆಫ್ ಫಿಸಿಕಲ್ ಕೆಮಿಸ್ಟ್ರಿಯಲ್ಲಿ ಸರಣಿ ಲೇಖನ ಬರೆದವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಕೆ. ಸುಬ್ಬರಾವ್. ಆಗ ಆ ಕಾಲೇಜು ನಮ್ಮ ಮೈಸೂರು ವಿಶ್ವವಿದ್ಯಾನಿಲಯದ್ದೇ. ಲ್ಯಾಂಗ್ಮ್ಯೂರ್, ಫ್ರಾಯಿಂಡ್ಲಿಶ್ ನಮಗೆ ಬಾಯಿಪಾಠ. ಸುಬ್ಬರಾಯರು ನಮ್ಮ ಯಾವ ಯೂನಿಟ್‌ನಲ್ಲೂ ಬರಲಿಲ್ಲ.