ಮೂರು ಗಂಟೆಯ ರುಜು

ನಾನು ಪೊಲೀಸ್ ಇಲಾಖೆಯಲ್ಲಿದ್ದವನೆಂದು ಗೊತ್ತಾದ ಕೂಡಲೇ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುವ ಪ್ರಶ್ನೆಗಳು ಎರಡೇ. "ಎಷ್ಟು ಜನ ಕಳ್ಳರನ್ನು ಹಿಡಿದಿದ್ದೀರಿ?" ಎಂಬುದು ಮೊದಲನೆಯದು. ಎರಡನೆಯದನ್ನು ಪಾಯಸ ಬಂದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ. ಅದು ಮೇಲ್ಸಂಪಾದನೆಗೆ ಸಂಬಂಧಪಟ್ಟದ್ದು. ಎರಡಕ್ಕೂ ನನ್ನ ಉತ್ತರ ಅವರಿಗೆ ನಿರಾಶೆಯನ್ನೇ ತರುತ್ತದೆ. ಮೂವತ್ತೆಂಟು ವರ್ಷದ ನೌಕರಿಯಲ್ಲಿ ನಾನು ಓಡಿಹೋಗಿ ಕೈಯಾರೆ ಹಿಡಿದ ಕಳ್ಳರು ಇಬ್ಬರೇ. ಅವರಲ್ಲೊಬ್ಬ ಗೋಡೆ ಹಾರುವಾಗ ಕಾಲು ಉಳುಕಿಸಿಕೊಂಡು ಕೂತಿದ್ದ.

1984ರಲ್ಲಿ ಪೇದೆಯಾಗಿ ಸೇರಿ, ಚನ್ನಪಟ್ಟಣದ ತರಬೇತಿ ಶಾಲೆಯಲ್ಲಿ ಕವಾಯತು ಕಲಿತು, ಮೈಸೂರಿಗೆ ಬಂದೆ. 2022ರಲ್ಲಿ ಎ.ಎಸ್.ಐ. ಆಗಿ ನಿವೃತ್ತನಾದೆ. ನಡುವಿನ ವರ್ಷಗಳಲ್ಲಿ ಬಹುಪಾಲು ನಾನು ಮಾಡಿದ್ದು ನಡೆಯುವ ಕೆಲಸ. ಇಲಾಖೆಯ ಕಾಗದದಲ್ಲಿ ಅದಕ್ಕೆ 'ಗಸ್ತು' ಎನ್ನುತ್ತಾರೆ, ನಮ್ಮ ಬಾಯಲ್ಲಿ ಅದು 'ಬೀಟು'. ರಾತ್ರಿ ಹತ್ತಕ್ಕೆ ಠಾಣೆಯಲ್ಲಿ ಹಾಜರಿ ಕೂಗುತ್ತಾರೆ. ಕೈಯಲ್ಲಿ ಲಾಠಿ, ಜೇಬಿನಲ್ಲಿ ಸೀಟಿ, ಕಂಕುಳಲ್ಲಿ ಮೂರು ಸೆಲ್ಲಿನ ಬ್ಯಾಟರಿ. ತಲೆಯ ಮೇಲೆ ಒಂದು ಪಕ್ಕ ಮಡಚಿದ ಆ ಸ್ಲೌಚ್ ಹ್ಯಾಟು. ಮಳೆ ಬಂದರೆ ಮಡಚಿದ ಕಡೆಯ ಕಿವಿ ಮೊದಲು ನೆನೆಯುತ್ತದೆ, ಓಡಿದರೆ ಹ್ಯಾಟು ಹಿಂದೆ ಬೀಳುತ್ತದೆ. ಹ್ಯಾಟು ಹಿಡಿಯಬೇಕೋ ಕಳ್ಳನನ್ನು ಹಿಡಿಯಬೇಕೋ ಎಂಬುದು ನಮ್ಮೊಳಗಿನ ಹಳೆಯ ತಮಾಷೆ. 2025ರ ಅಕ್ಟೋಬರ್‌ನಲ್ಲಿ ಪೇದೆಗಳಿಗೆ ಅದರ ಬದಲು ಹೊಸ ಪೀಕ್ ಕ್ಯಾಪ್ ಕೊಟ್ಟರೆಂದು ಪತ್ರಿಕೆಯಲ್ಲಿ ಓದಿ, ಸಂತೋಷವೇ ಆಯಿತು. ನನ್ನ ಹ್ಯಾಟು ಮಾತ್ರ ಇನ್ನೂ ಅಟ್ಟದ ಮೇಲಿದೆ.

ಬೀಟಿನಲ್ಲಿ ಮಾಡುವುದಾದರೂ ಏನು? ಅಂಗಡಿಗಳ ಬೀಗ ಅಲ್ಲಾಡಿಸಿ ನೋಡುವುದು. ಅಪರಾತ್ರಿಯಲ್ಲಿ ಗಂಟು ಹೊತ್ತು ಹೋಗುವವನನ್ನು ನಿಲ್ಲಿಸಿ ಕೇಳುವುದು. ಹತ್ತಕ್ಕೆ ಒಂಬತ್ತು ಸಲ ಅವನು ಬಸ್ಸು ತಪ್ಪಿದ ಬಡವನಾಗಿರುತ್ತಾನೆ. ಕುಡಿದು ಚರಂಡಿಯ ಪಕ್ಕ ಬಿದ್ದವನನ್ನು ಈಚೆಗೆ ಎಳೆದು ಮಲಗಿಸುವುದು. ಗಂಡ ಹೆಂಡಿರ ಜಗಳದಲ್ಲಿ ಬಾಗಿಲ ಹೊರಗೆ ನಿಂತು ಕೆಮ್ಮುವುದು. ಬೆಳಗಾದ ಮೇಲೆ ನಿದ್ದೆ ಎಂದುಕೊಂಡರೆ, ಒಂದು ಸಮನ್ಸ್ ಜಾರಿ ಮಾಡಬೇಕು, ಇಲ್ಲವೇ ಯಾರೋ ಮಂತ್ರಿಗಳು ಬರುತ್ತಾರೆ. ನನ್ನ ಮಗಳು ಒಂದನೇ ತರಗತಿಯಲ್ಲಿದ್ದಾಗ ಟೀಚರು "ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?" ಎಂದು ಕೇಳಿದ್ದಕ್ಕೆ "ಮಲಗಿರ್ತಾರೆ" ಎಂದಿದ್ದಳಂತೆ. ಅವಳು ಕಂಡದ್ದನ್ನು ಹೇಳಿದ್ದಳು.

ಮೈಸೂರಿನಲ್ಲಿದ್ದ ಮೇಲೆ ದಸರಾ ಬಿಡುತ್ತದೆಯೇ? ವಿಜಯದಶಮಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ದಾರಿ. 750 ಕಿಲೋ ತೂಕದ ಅಂಬಾರಿಯನ್ನು ಹೊತ್ತು ಆನೆ ಬರುತ್ತದೆ. ಅದನ್ನು ನೋಡಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ಸಯ್ಯಾಜಿರಾವ್ ರಸ್ತೆಯಲ್ಲಿ ಹಗ್ಗ ಹಿಡಿದು ನಿಂತ ನಾನು ಎಷ್ಟೋ ವರ್ಷ ಅದನ್ನು ನೋಡಲೇ ಇಲ್ಲ. ನಮ್ಮ ಮುಖ ಜನರ ಕಡೆಗೆ, ಬೆನ್ನು ಮೆರವಣಿಗೆಗೆ. ಜನರೆಲ್ಲ ಒಮ್ಮೆಗೇ ಕೈಮುಗಿದರೆ ಅಂಬಾರಿ ಬಂತೆಂದು ಲೆಕ್ಕ. "ನಾವು ನೋಡೋಕೆ ಬಂದಿಲ್ಲ ಕಣಯ್ಯ, ನೋಡಿಕೊಳ್ಳೋಕೆ ಬಂದಿದ್ದೀವಿ" ಎಂದು ನಮ್ಮ ಹಳೆಯ ದಫೇದಾರರೊಬ್ಬರು ಹೇಳುತ್ತಿದ್ದರು. ಆ ಮಾತಿನ ಭಾರ ನನಗೆ ಆಗ ತಿಳಿದಿರಲಿಲ್ಲ.

ಈಗ ಪಾಯಿಂಟ್ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಬೀಟಿನ ದಾರಿಯಲ್ಲಿ ಅಲ್ಲಲ್ಲಿ, ಒಂದು ಬ್ಯಾಂಕಿನ ಮುಂದೆ, ಒಂದು ಗುಡಿಯ ಹತ್ತಿರ, ಒಂದು ದೊಡ್ಡ ಅಂಗಡಿಯ ಕಂಬದಲ್ಲಿ ಒಂದೊಂದು ಪುಸ್ತಕ ಇಟ್ಟಿರುತ್ತಾರೆ. ಪೇದೆ ಅಲ್ಲಿಗೆ ಹೋಗಿ ದಿನಾಂಕ, ಗಂಟೆ ಬರೆದು ರುಜು ಹಾಕಬೇಕು. ರಾತ್ರಿ ರೌಂಡ್ಸಿಗೆ ಬರುವ ಸಾಹೇಬರು ಅದನ್ನು ನೋಡಿ ತಾವೂ ರುಜು ಹಾಕುತ್ತಾರೆ. ಪೇದೆ ಬಂದಿದ್ದನೆಂಬುದಕ್ಕೆ ಅದೇ ಸಾಕ್ಷಿ. ಆದರೆ ಪೆನ್ನು ಪೇದೆಯ ಕೈಯಲ್ಲೇ ಇರುತ್ತದಲ್ಲ! ಒಂದು ಗಂಟೆಗೆ ಹೋದಾಗ ಕೆಳಗಿನ ಸಾಲಿನಲ್ಲಿ ಮೂರು ಗಂಟೆಯದನ್ನೂ ಬರೆದುಬಿಟ್ಟರೆ ಎರಡನೆಯ ಸುತ್ತು ಉಳಿಯಿತು. ಎಲ್ಲರೂ ಹೀಗೆ ಮಾಡುತ್ತಿದ್ದರೆಂದು ಹೇಳಿದರೆ ಎಷ್ಟೋ ಒಳ್ಳೆಯ ಪೇದೆಗಳಿಗೆ ಅನ್ಯಾಯವಾಗುತ್ತದೆ. ನಾನು ಮಾಡಿದ್ದೆ.

ನನ್ನ ಬೀಟಿನಲ್ಲಿ ಮಾರುಕಟ್ಟೆಗೆ ಹತ್ತಿರವಾದ ಒಂದು ಓಣಿಯಿತ್ತು. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಒಬ್ಬ ಅಜ್ಜಿ ಮಲಗುತ್ತಿದ್ದಳು. ಸಂಜೆಯ ಕಡೇ ಬಸ್ಸಿಗೆ ತನ್ನ ಹಳ್ಳಿಯಿಂದ ಸೊಪ್ಪಿನ ಗಂಟು ತಂದು, ಗೋಣಿಚೀಲ ನೆನೆಸಿ ಅದರ ಮೇಲೆ ಹೊದಿಸಿ, ಪಕ್ಕದಲ್ಲಿ ತಾನೂ ಮುದುರಿಕೊಳ್ಳುವಳು. ನಾಲ್ಕು ಗಂಟೆಗೆ ಎದ್ದರೆ ವ್ಯಾಪಾರಕ್ಕೆ ಒಳ್ಳೆಯ ಜಾಗ ಸಿಗುತ್ತಿತ್ತು. ಅವಳಿಗೆ ಗಡಿಯಾರ ನೋಡಲು ಬಾರದು. ನನ್ನ ಬೂಟಿನ ಸದ್ದು ಕೇಳಿದರೆ ಸಾಕು, ಕಂಬಳಿಯೊಳಗಿಂದಲೇ ಕೂಗುವಳು: "ಎಷ್ಟ್ ಗಂಟೆ ಆಯ್ತು ಪೋಲೀಸಪ್ಪ?"

"ಒಂದು ಕಣವ್ವ, ಮಲಕ್ಕೊ."

"ಇನ್ನೊಂದ್ ದಪ ಬಂದಾಗ ಎಬ್ಬುಸ್ಬುಡು ಮಗ."

ಹೀಗೆ ಎರಡು ವರ್ಷ ಅವಳ ಗಡಿಯಾರ ನಾನಾಗಿದ್ದೆ. ಬಂದಾಗಲೊಮ್ಮೆ ಒಂದು ಕಟ್ಟು ದಂಟಿನ ಸೊಪ್ಪು ಕೊಡಲು ಬರುತ್ತಿದ್ದಳು. ದುಡ್ಡು ಕೊಟ್ಟರೆ ಬಯ್ಯುತ್ತಿದ್ದಳು. ಆ ಸೊಪ್ಪು ಯಾವ ಲೆಕ್ಕದ ಸಂಪಾದನೆಗೆ ಸೇರುತ್ತದೋ ಪಂಕ್ತಿಯ ನೆಂಟರೇ ಹೇಳಬೇಕು.

1993ರ ನವೆಂಬರ್. ಮೂರು ದಿನದಿಂದ ಜಡಿಮಳೆ. ಜೊತೆಯ ಪೇದೆಯನ್ನು ಬೇರೆ ಊರಿನ ಬಂದೋಬಸ್ತಿಗೆ ಕಳಿಸಿದ್ದರಿಂದ ನಾನೊಬ್ಬನೇ. ಹಿಂದಿನ ಎರಡು ರಾತ್ರಿಯೂ ನನ್ನದೇ ಪಾಳಿ, ನಡುವಿನ ಹಗಲುಗಳಲ್ಲಿ ಕೋರ್ಟಿನ ಕೆಲಸ. ಒಂದು ಗಂಟೆಯ ಹೊತ್ತಿಗೆ ಓಣಿಗೆ ಹೋದೆ. ಅಜ್ಜಿ ಎದ್ದು ಕೂತಿದ್ದಳು. ಗಂಟೆ ಕೇಳಲಿಲ್ಲ.

"ಯಾಕವ್ವ, ನಿದ್ದೆ ಬರ್ಲಿಲ್ವಾ?"

"ಮೈಯೆಲ್ಲಾ ನಡುಕ ಕಪ್ಪ. ಎಲ್ಲಾರ ಒಸಿ ಟೀ ಸಿಕ್ಕಾದಾ?"

ಬ್ಯಾಟರಿ ಬಿಟ್ಟು ನೋಡಿದೆ. ಮುಖ ಬಾಡಿತ್ತು. ಬಸ್ ನಿಲ್ದಾಣದ ಹತ್ತಿರ ರಾತ್ರಿಯೆಲ್ಲ ತೆರೆದಿರುವ ಒಂದು ಟೀ ಅಂಗಡಿಯಿತ್ತು. "ಇನ್ನೊಂದು ಸುತ್ತು ಬರ್ತೀನಲ್ಲ, ಆಗ ತರ್ತೀನಿ" ಎಂದೆ. "ತತ್ತಾ ಮಗ" ಎಂದಳು. ಅಲ್ಲಿಂದ ನೂರು ಹೆಜ್ಜೆ ದಾಟಿ ಪಾಯಿಂಟ್ ಪುಸ್ತಕ ತೆಗೆದೆ. ಒಂದು ಗಂಟೆಯ ರುಜು ಹಾಕಿದೆ. ಮಳೆ ಜೋರಾಗಿತ್ತು, ಬೂಟಿನೊಳಗೆ ನೀರು. ಕೈ ತನ್ನಷ್ಟಕ್ಕೆ ಕೆಳಗಿನ ಸಾಲಿನಲ್ಲಿ ಮೂರು ಗಂಟೆ ಎಂದು ಬರೆಯಿತು. ಟೀ ಅಂಗಡಿಗೆ ಹೋದೆ. ನಾನು ಟೀ ಕುಡಿದೆ. ಬೆಂಚಿನ ಮೇಲೆ ಗೋಡೆಗೊರಗಿ ಕೂತವನಿಗೆ ಎಚ್ಚರವಾದಾಗ ನಾಲ್ಕೂವರೆ.

ಲೋಟದಲ್ಲಿ ಟೀ ಹಿಡಿದುಕೊಂಡೇ ಓಡಿದೆ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸೊಪ್ಪಿನ ಮೇಲಿದ್ದ ಒದ್ದೆ ಗೋಣಿಚೀಲವೂ ಅವಳ ಮೈಮೇಲಿತ್ತು. ಮುಟ್ಟಿದೆ. ಮುಟ್ಟಿದ ಮೇಲೆ ಪೊಲೀಸಿನವನಿಗೆ ತಿಳಿಯದಿರುತ್ತದೆಯೇ?

ಆಮೇಲೆ ನಡೆದದ್ದೆಲ್ಲ ಕ್ರಮಪ್ರಕಾರ. ಅಸ್ವಾಭಾವಿಕ ಮರಣವೆಂದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ದಾಖಲಾಯಿತು. (2024ರ ಜುಲೈ 1ರಿಂದ ಆ ಕಲಮಿನ ಜಾಗದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 194 ಬಂದಿದೆ.) ಪಂಚರನ್ನು ಕರೆದು ಪಂಚನಾಮೆ ಮಾಡಿದರು. ಒಂದು ಕಂಬಳಿ, ಗೋಣಿಚೀಲ ಎರಡು, ಸೊಪ್ಪು ಒಂದು ಗಂಟು, ಸೆರಗಿನ ತುದಿಯಲ್ಲಿ ಹದಿನಾಲ್ಕು ರೂಪಾಯಿ. ಶವ ದೊಡ್ಡಾಸ್ಪತ್ರೆಗೆ ಹೋಯಿತು. ಗಾಯವಿಲ್ಲ, ಅನುಮಾನವಿಲ್ಲ, ವಯಸ್ಸಾದ ಜೀವ, ಎದೆ ನಿಂತಿದೆ ಎಂದರು ಡಾಕ್ಟರು. ಸಾಹೇಬರು ಪಾಯಿಂಟ್ ಪುಸ್ತಕ ತರಿಸಿ ನೋಡಿದರು.

"ಮೂರು ಗಂಟೆಗೆ ಹೋಗಿದ್ದೀಯಲ್ಲ, ಆಗ ಹೇಗಿದ್ದಳು?"

ನಾನು ಅಟೆನ್ಷನ್‌ನಲ್ಲಿ ನಿಂತಿದ್ದೆ. "ಮಲಗಿದ್ದಳು ಸಾರ್" ಎಂದೆ. ರೈಟರು ಹಾಗೆಯೇ ಬರೆದುಕೊಂಡರು.

ಮಧ್ಯಾಹ್ನ ಅವಳ ಮಗ ಬಂದ. ನನ್ನ ವಯಸ್ಸಿನವನೇ, ಕೂಲಿ ಮಾಡುವವನು. ಅಳಲಿಲ್ಲ. ಶವ ಒಪ್ಪಿಸಿಕೊಂಡ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಹೊರಗೆ ನಿಂತಿದ್ದ ನನ್ನ ಹತ್ತಿರ ಬಂದು ಕೈಮುಗಿದ. "ಅವ್ವ ನಿಮ್ಮ ಸುದ್ದಿ ಹೇಳ್ತಾನೆ ಇದ್ಲು ಬುದ್ಧಿ. ಆ ಮಳೇಲೂ ಮೂರು ಗಂಟೆಗಂಟ ಬಂದು ನೋಡ್ಕಂಡ್ರಂತಲ್ಲ. ನಾನು ಮಗನಾಗಿ ಅಷ್ಟ್ ಮಾಡ್ಲಿಲ್ಲ" ಎಂದ. ಆಗಲೂ ನಾನು ಬಾಯಿ ಬಿಡಲಿಲ್ಲ. ಗಾಡಿಯ ಬಾಡಿಗೆಗೆಂದು ಜೇಬಿನಲ್ಲಿದ್ದಷ್ಟು ಕೊಟ್ಟೆ. ಅದಕ್ಕೂ ಕೈಮುಗಿದ.

ಇಷ್ಟೇ ನಡೆದದ್ದು. ನನ್ನ ಮೇಲೆ ವಿಚಾರಣೆಯಾಗಲಿಲ್ಲ, ಬಡ್ತಿ ತಡವಾಗಲಿಲ್ಲ. ದಣಿದಿದ್ದೆ, ಮೂರು ರಾತ್ರಿ ನಿದ್ದೆಯಿರಲಿಲ್ಲ, ಒಬ್ಬನೇ ಇದ್ದೆ ಎಂಬುದೆಲ್ಲ ನಿಜ. ಆ ನಿಜಗಳನ್ನು ಸಾಹೇಬರಿಗೆ ಹೇಳಿದ್ದರೆ ಬೈಗುಳವೋ ದಂಡವೋ ಆಗಿ ಮುಗಿಯುತ್ತಿತ್ತು. ಹೇಳದೆ ಇದ್ದುದರಿಂದ ಮುಗಿಯಲಿಲ್ಲ. ಮರುದಿನದಿಂದ ನಾನು ಮುಂಗಡ ರುಜು ಹಾಕಿಲ್ಲ ಎಂಬುದು ಸತ್ಯ. ಆದರೆ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಒಂದು ಜೀವ ಹೋದಮೇಲೆ ಬಂದ ಶಿಸ್ತು ಅದು.

ಈಗ ಹಲವು ಕಡೆ ಬೀಟಿನ ಹಾಜರಿ ಮೊಬೈಲ್ ಫೋನಿನಲ್ಲಿ ಆಗುತ್ತದೆ. ಪೇದೆ ಆ ಜಾಗಕ್ಕೆ ಹೋಗದೆ ಅದು ಒಪ್ಪುವುದಿಲ್ಲ. ಒಳ್ಳೆಯದೇ, ಕೈಗೆ ಆಸೆ ಹುಟ್ಟುವುದಿಲ್ಲ. ನಿವೃತ್ತಿಯ ದಿನ ಹೊಸ ಹುಡುಗನೊಬ್ಬ ಅದನ್ನು ನನಗೆ ತೋರಿಸಿ, "ಇನ್ನು ಸುಳ್ಳು ನಡೆಯಲ್ಲ ಸಾರ್" ಎಂದ. ಅವನಿಗೆ ಈ ಕಥೆ ಹೇಳಿದೆ. ಠಾಣೆಯಲ್ಲಿ ನಾನು ಇದನ್ನು ಹೇಳಿದ್ದು ಅದೇ ಮೊದಲು, ಅದೇ ಕೊನೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಮೂರಕ್ಕೆ ಹೋಗಿದ್ದರೆ ಬದುಕುತ್ತಿದ್ದಳಾ ಸಾರ್?" ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಟೀ ಅಂತೂ ಕುಡಿಯುತ್ತಿದ್ದಳು. ಫೋನು ಅವನು ಅಲ್ಲಿಗೆ ಹೋದದ್ದನ್ನು ಹೇಳಬಲ್ಲದು. ಜಗಲಿಯ ಮೇಲಿನವರನ್ನು ನೋಡಿದನೇ ಎಂಬುದನ್ನು ಅವನೇ ಹೇಳಬೇಕು.

ಈಗ ಬೆಳಿಗ್ಗೆ ಮಾರುಕಟ್ಟೆಗೆ ಹೋಗುವುದು ನನ್ನ ಪಾಲಿನ ಕೆಲಸ. ಸೊಪ್ಪಿನವರ ಹತ್ತಿರ ನಾನು ಚೌಕಾಸಿ ಮಾಡುವುದಿಲ್ಲ. ಹೇಳಿದಷ್ಟು ಕೊಟ್ಟು, ಒಂದು ಕಟ್ಟು ಬೇಕಾದಲ್ಲಿ ಎರಡು ತರುತ್ತೇನೆ. "ಪೊಲೀಸಾಗಿದ್ದವರು ಹೀಗೆ ಮೆತ್ತಗಾದರೆ ಆಯಿತು ಬಿಡಿ" ಎಂದು ನನ್ನಾಕೆ ದಂಟನ್ನು ಸೋಸುತ್ತ ಗೊಣಗುತ್ತಾಳೆ. ಕಾರಣವನ್ನು ಅವಳಿಗೆ ಇದುವರೆಗೂ ಹೇಳಿಲ್ಲ. ಇದು ಅಚ್ಚಾಗಿ ಬಂದ ಮೇಲೆ ಓದಿಕೊಳ್ಳುತ್ತಾಳೆ.