ಎಲೀಯನಿಗೆ ಸಿಕ್ಕ ರೊಟ್ಟಿ

ಆಫೀಸಿನಲ್ಲಿ ನಮ್ಮನ್ನು ಹುರಿದುಂಬಿಸೋದಕ್ಕೆ ಅಂತಲೇ ಮೇಲ್‌ಗಳು ಬರುತ್ತವೆ. ರಿಲೀಸ್ ಮುಗಿದ ಮಾರನೇ ದಿನ 'ಗ್ರೇಟ್ ಜಾಬ್ ಟೀಮ್', ಪಕ್ಕದಲ್ಲೊಂದು ನಗುಮುಖ :) ನಮ್ಮ ಕ್ರೈಸ್ತರ ಕಡೆಯೂ ಇಂಥದ್ದಕ್ಕೆ ಕೊರತೆಯಿಲ್ಲ. ಬೆಳಿಗ್ಗೆ ಐದಕ್ಕೇ ವಾಟ್ಸಾಪಿಗೆ ಸೂರ್ಯೋದಯದ ಚಿತ್ರ, ಅದರ ಮೇಲೊಂದು ವಚನ. ತಪ್ಪು ಅಂತಲ್ಲ... ಆದರೆ ಕುಗ್ಗಿಹೋದ ಮನುಷ್ಯನಿಗೆ ದೇವರು ಧೈರ್ಯ ತುಂಬುವ ರೀತಿ ಬೈಬಲಿನಲ್ಲಿ ನೋಡಿದರೆ, ಅದು ಬೇರೇನೇ ಇದೆ.

ಒಂದನೆಯ ಅರಸುಗಳು, 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳನ್ನು ಸೋಲಿಸಿದ ಎಲೀಯ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಹೆದರಿ ಅಡವಿಗೆ ಓಡಿಹೋಗ್ತಾನೆ. ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತಗೋ ಅಂತ ಬೇಡಿಕೊಂಡು ಮಲಗಿಬಿಡ್ತಾನೆ. ಆಗ ದೇವದೂತ ಬಂದು ಮಾಡುವುದೇನು? ತಟ್ಟಿ ಎಬ್ಬಿಸಿ ತಿನ್ನು ಅಂತಾನೆ, ಅಷ್ಟೇ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯೋಕೆ ನೀರು. ಎಲೀಯ ತಿಂದು ಮತ್ತೆ ಮಲಗ್ತಾನೆ. ಬೈಗುಳವಿಲ್ಲ, ಬುದ್ಧಿವಾದವಿಲ್ಲ, ಎರಡನೇ ಸಲ ಎಬ್ಬಿಸಿ ಮತ್ತೆ ಊಟ. ಪ್ರಶ್ನೆಗಳೆಲ್ಲ ಆಮೇಲೆ, ನಲವತ್ತು ದಿನ ನಡೆದು ಹೋರೇಬ್ ಸೇರಿದ ಮೇಲೆ. ಬೆಟಗೇರಿಯಲ್ಲಿ ಬೆಳೆದ ನನಗೆ ಸಂಡೇ ಸ್ಕೂಲಿನಲ್ಲಿ ಈ ಕಥೆ ಕೇಳಿದಾಗ ಅದು ಜೋಳದ ರೊಟ್ಟಿಯೇ ಅನ್ನೋದರಲ್ಲಿ ಸಂಶಯ ಇರಲಿಲ್ಲ! ಪಲ್ಯ ಯಾಕೆ ಕೊಡಲಿಲ್ಲ ಅನ್ನೋದೊಂದೇ ಪ್ರಶ್ನೆ.

ಹೋದ ವರ್ಷ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲಿನ ಜೊತೆ ಮಾತೂ ಹೋಯ್ತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮನುಷ್ಯ. ನಾನಿಲ್ಲಿ ಏನಾದರೂ ಬರೆದರೆ ಫೋನ್ ಮಾಡಿ ಅಲ್ಪಪ್ರಾಣ, ಮಹಾಪ್ರಾಣ ತಿದ್ದುತ್ತಿದ್ದವರು. ಅಂಥವರು ನೀರು ಅನ್ನೋದಕ್ಕೂ ಪದ ಸಿಗದೆ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಒಂದು ತಿಂಗಳು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಕೂತಿದ್ದೆ. ಪ್ರಾರ್ಥನೆ ಮಾಡೋಕೆ ಬಾಯೇ ಬರುತ್ತಿರಲಿಲ್ಲ.

ನೋಡಲು ಬಂದವರು ದೇವರ ಚಿತ್ತ ಅಂದರು, ಪರೀಕ್ಷೆ ಅಂದರು. ಮನೆಯಲ್ಲಿ ಪ್ರಾರ್ಥನೆ ಕಡಿಮೆಯಾಗಿತ್ತಾ ಅಂತ ವಿಚಾರಿಸಿದವರೂ ಉಂಟು. ಯೋಬನ ಮೂವರು ಗೆಳೆಯರು ಮೊದಲು ಏಳು ಹಗಲು, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅಷ್ಟಕ್ಕೇ ಎದ್ದು ಹೋಗಿದ್ದರೆ ಎಷ್ಟು ಒಳ್ಳೆ ಹೆಸರು ಉಳಿಯುತ್ತಿತ್ತು! ಪಾಪ, ಬಾಯಿ ಬಿಟ್ಟು ಕೆಟ್ಟರು.

ನಮ್ಮ ಪಾಸ್ಟರ್ ಮಾತ್ರ ಬಂದು 88ನೇ ಕೀರ್ತನೆ ಓದಿದರು. ಗೋಳಾಡುವ ಕೀರ್ತನೆಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಕೊನೆಗೆ ಸ್ತೋತ್ರದ ಕಡೆಗೋ ಭರವಸೆಯ ಕಡೆಗೋ ಹೊರಳುತ್ತವೆ. ಇದು ಹೊರಳೋದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತೆ. ಓದಿ, ಏನನ್ನೂ ಸೇರಿಸದೆ ಪುಸ್ತಕ ಮುಚ್ಚಿದರು. ಅಪ್ಪ ಎಡಗೈಯಿಂದ ಅವರ ಕೈ ಹಿಡಿದುಕೊಂಡು ತುಂಬಾ ಹೊತ್ತು ಬಿಡಲಿಲ್ಲ. ಇಂಥ ಪ್ರಾರ್ಥನೆಯನ್ನೂ ದೇವರ ಪುಸ್ತಕದಲ್ಲಿ ಉಳಿಸಿಕೊಂಡಿದ್ದಾರಲ್ಲ ಅಂತ ನನಗೆ ಅವತ್ತು ಉಸಿರಾಡಿದ ಹಾಗಾಯ್ತು.

ಇನ್ನೊಂದು ಹೇಳಲೇಬೇಕು. ಒಂದು ಸಂಜೆ ಅಮ್ಮ ಮಂಚದ ಪಕ್ಕ ಮೆಲ್ಲಗೆ ಹಾಡುತ್ತಿದ್ದಳು, ಮನೆಯಲ್ಲಿ ದಿನಾ ಪ್ರಾರ್ಥನೆಗೆ ಹಾಡೋದೇ. ಎರಡನೇ ಸಾಲಿಗೆ ಅಪ್ಪನ ದನಿ ಸೇರಿತು. ಪದಗಳ ಸಮೇತ! ಅಮ್ಮ ಹಾಡು ನಿಲ್ಲಿಸಿ ಅಳೋಕೆ ಶುರು ಮಾಡಿದಳು, ಅಪ್ಪ ಮುಂದುವರಿಸಿದರು. ಡಾಕ್ಟರು ಇದಕ್ಕೆ ಅಫೇಸಿಯಾ ಅಂತಾರೆ ಅಂದರು. ಮಾತಿನ ಕೆಲಸ ಬಹುತೇಕ ಜನರಲ್ಲಿ ಮೆದುಳಿನ ಎಡಭಾಗದ್ದು. ರಾಗಕ್ಕೆ ಬಲಭಾಗದ ಸಹಾಯವೂ ಇರುತ್ತೆ. ಹಾಗಾಗಿ ಮಾತು ಹೋದ ಎಷ್ಟೋ ಜನ ಹಳೆಯ ಹಾಡು ಹಾಡಬಲ್ಲರು, ಇದನ್ನೇ ಹಿಡಿದು ಮಾತು ಕಲಿಸುವ ಚಿಕಿತ್ಸೆಯೂ ಇದೆ. ಹಾಗಾದರೆ ಇದು ಅದ್ಭುತ ಅಲ್ವಲ್ಲ ಅಂದ ನನ್ನ ಕಲೀಗ್. ಕಾರಣ ಗೊತ್ತಾದರೆ ಪ್ರೀತಿ ಕಡಿಮೆಯಾಗುತ್ತಾ? ದಿನವಿಡೀ ಕಾರಣ ಹುಡುಕುವುದೇ ನನ್ನ ಕೆಲಸ, ನನಗಂತೂ ಹಾಗನ್ನಿಸಲಿಲ್ಲ.

ಆ ತಿಂಗಳು ನಮ್ಮನ್ನು ಸಾಕಿದ್ದು ಪಕ್ಕದ ಮನೆ ಅಕ್ಕಾವ್ರು. ನಸುಕಿನಲ್ಲೆದ್ದು ಲಿಂಗಪೂಜೆ ಮುಗಿಸಿ, ರೊಟ್ಟಿ ಬಡಿದು, ಝುಣಕ, ಶೇಂಗಾ ಚಟ್ನಿ ಕಟ್ಟಿ ಮೊದಲ ಬಸ್ಸಿಗೆ ಮಗನ ಕೈಯಲ್ಲಿ ಕಳಿಸುತ್ತಿದ್ದರು. ಅವರು ನಮಗೆ ಒಂದೇ ಒಂದು ಸಮಾಧಾನದ ಮಾತು ಹೇಳಿದ್ದು ನೆನಪಿಲ್ಲ. ಫೋನ್ ಮಾಡಿದರೆ ಒಂದೇ ಪ್ರಶ್ನೆ, "ತಮ್ಮಾ, ರೊಟ್ಟಿ ಸಾಲ್ತಾವಿಲ್ಲೋ?"

ಅಪ್ಪ ಈಗ ಮನೆಯಲ್ಲಿದ್ದಾರೆ, ಕೋಲು ಹಿಡಿದು ಬಾಗಿಲ ತನಕ ನಡೀತಾರೆ. ಇಪ್ಪತ್ತು ಮೂವತ್ತು ಪದ ವಾಪಸ್ ಬಂದಿವೆ, ನನ್ನ ಹೆಸರು ಇನ್ನೂ ಬಂದಿಲ್ಲ. ನಮ್ಮ ಕಡೆ ಇನ್ನೊಬ್ಬರ ಮನೆ ಡಬ್ಬಿ ಖಾಲಿ ಕೊಡಬಾರದು ಅಂತಾರೆ. ಕ್ರಿಸ್‌ಮಸ್ಸಿಗೆ ಅಮ್ಮ ಅದರ ತುಂಬಾ ಕರ್ಚಿಕಾಯಿ ತುಂಬಿ ಕೊಟ್ಟಳು. ಮೂರೇ ದಿನಕ್ಕೆ ಅದೇ ಡಬ್ಬಿ ಶೇಂಗಾ ಹೋಳಿಗೆ ತುಂಬಿಕೊಂಡು ವಾಪಸ್ ಬಂತು. ಈಗ ಮತ್ತೆ ನಮ್ಮ ಪಾಳಿ.